ದಾಖಲೆ ಮತ್ತು ಐತಿಹ್ಯಗಳ ನಡುವೆ ಜನರಲ್ ಬೆಂಜಮಿನ್ ಡೇವಿಸ್

ವೀರರನ್ನು ಕುರಿತ ಕಥನಗಳು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಬೆಳೆಯುತ್ತವೆ. ಆದೇಶ, ವರದಿ, ಕಡತಗಳಲ್ಲಿ ಉಳಿಯುವುದು ಒಂದು. ಜನರ ಬಾಯಿಂದ ಬಾಯಿಗೆ ಸಾಗಿ ನೆನಪಾಗಿ ಉಳಿಯುವುದು ಇನ್ನೊಂದು. ಮೊದಲನೆಯದನ್ನು ಚರಿತ್ರೆಯೆಂದೂ ಎರಡನೆಯದನ್ನು ಐತಿಹ್ಯವೆಂದೂ ಕರೆಯುವ ರೂಢಿಯಿದೆ. ಐತಿಹ್ಯವು ಊರು, ಕೋಟೆ, ಕೆರೆಗಳಿಗೆ ಅಂಟಿಕೊಂಡಿರುವಂಥದು, ಅಕ್ಷರಸ್ಥ ಸಮಾಜದಲ್ಲಿ ಅದಕ್ಕೆ ನೆಲೆಯಿಲ್ಲ ಎಂಬ ಗ್ರಹಿಕೆ ಬಹುಕಾಲ ಪ್ರಚಲಿತವಾಗಿತ್ತು. ಪ್ರತಿಯೊಂದು ಹಾರಾಟಕ್ಕೂ ಲಿಖಿತ ವರದಿ ಸಲ್ಲಿಸುವ ಆಧುನಿಕ ವಾಯುಸೇನೆಯೊಳಗೂ ಐತಿಹ್ಯ ಹುಟ್ಟಿ ಅರವತ್ತು ವರ್ಷ ಬಾಳಬಲ್ಲದು ಎಂಬುದಕ್ಕೆ ಅಮೆರಿಕದ ಯುದ್ಧವಿಮಾನ ಚಾಲಕ, ಮುಂದೆ ಜನರಲ್ ಪದವಿಗೇರಿದ ಬೆಂಜಮಿನ್ ಓ. ಡೇವಿಸ್ ಜೂನಿಯರ್ ಅವರ ವೃತ್ತಿಜೀವನ ಸಾಕ್ಷಿಯಾಗಿದೆ. ಅವರ ನೇತೃತ್ವದ ದಳವು ತಾನು ಬೆಂಗಾವಲಿಗೆ ನಿಂತ ಒಂದೇ ಒಂದು ಬಾಂಬರ್ ವಿಮಾನವನ್ನೂ ಶತ್ರುವಿಮಾನಗಳಿಗೆ ಬಲಿಕೊಡಲಿಲ್ಲ ಎಂಬ ಹೇಳಿಕೆಯ ಹುಟ್ಟು ಮತ್ತು ಬೆಳವಣಿಗೆಯನ್ನು ಅವರ ಬದುಕಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೌನದ ನಾಲ್ಕು ವರ್ಷಗಳು

ಡೇವಿಸ್ 1912ರ ಡಿಸೆಂಬರ್ 18ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ಅದೇ ಹೆಸರಿನ ಅವರ ತಂದೆ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿ, 1940ರಲ್ಲಿ ಅಮೆರಿಕದ ಭೂಸೇನೆಯ ಮೊದಲ ಕಪ್ಪು ಜನರಲ್ ಆದವರು. ಬಿಳಿಯ ಸೈನಿಕರು ಅವರ ಅಧೀನಕ್ಕೆ ಬರಬಾರದೆಂದು ಅವರನ್ನು ಹಲವು ವರ್ಷ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಲ್ಲಿ ಸೈನಿಕ ಶಿಕ್ಷಕರನ್ನಾಗಿಯೇ ಇರಿಸಲಾಗಿತ್ತು. ಮಗನು 1932ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯನ್ನು ಪ್ರವೇಶಿಸಿದಾಗ ಅಲ್ಲಿಂದ ಕಪ್ಪು ವಿದ್ಯಾರ್ಥಿಯೊಬ್ಬ ಪದವಿ ಪಡೆದು ನಾಲ್ಕು ದಶಕಗಳು ಕಳೆದಿದ್ದವು.

ಅಲ್ಲಿ ಅವರನ್ನು ‘ಮೌನ’ದ ಶಿಕ್ಷೆಗೆ ಗುರಿಪಡಿಸಲಾಯಿತು. ಗಂಭೀರ ಅಪರಾಧ ಎಸಗಿದವರಿಗೆ ಸಹಪಾಠಿಗಳು ವಿಧಿಸುತ್ತಿದ್ದ ಈ ಬಹಿಷ್ಕಾರವನ್ನು ಯಾವ ಅಪರಾಧವೂ ಇಲ್ಲದ ಡೇವಿಸ್ ನಾಲ್ಕು ವರ್ಷ ಅನುಭವಿಸಿದರು. ಕರ್ತವ್ಯದ ಮಾತಿನ ಹೊರತು ಯಾರೂ ಅವರೊಡನೆ ಮಾತನಾಡಲಿಲ್ಲ. ಕೋಣೆಯಲ್ಲಿ ಅವರು ಒಬ್ಬರೇ ಇದ್ದರು. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಜನರಿದ್ದರೂ ಒಬ್ಬರೇ ಉಂಡರು. ಪಂಕ್ತಿಭೇದ, ಬಹಿಷ್ಕಾರಗಳ ಚರಿತ್ರೆಯನ್ನು ಬಲ್ಲ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ 276 ಮಂದಿಯ ತರಗತಿಯಲ್ಲಿ 35ನೆಯ ಸ್ಥಾನ ಪಡೆದು ಅವರು ಹೊರಬಂದರು. ಪುರೋಹಿತ ಹುದ್ದೆಗಳನ್ನು ಬಿಟ್ಟರೆ ಆಗ ಇಡೀ ಭೂಸೇನೆಯಲ್ಲಿದ್ದ ಕಪ್ಪು ಅಧಿಕಾರಿಗಳು ಇಬ್ಬರೇ: ತಂದೆ ಮತ್ತು ಮಗ.

ಹದಿಹರೆಯದಲ್ಲೇ ವಿಮಾನದ ಆಕರ್ಷಣೆಗೆ ಒಳಗಾಗಿದ್ದ ಡೇವಿಸ್ ವೆಸ್ಟ್ ಪಾಯಿಂಟ್‌ನಲ್ಲಿದ್ದಾಗಲೇ ವಾಯುಪಡೆಗೆ ಅರ್ಜಿ ಸಲ್ಲಿಸಿದ್ದರು. ವಾಯುಪಡೆಯಲ್ಲಿ ಕಪ್ಪು ದಳಗಳಿಲ್ಲ ಎಂಬ ಕಾರಣ ನೀಡಿ ಅರ್ಜಿಯನ್ನು ತಿರಸ್ಕರಿಸಲಾಯಿತು. ಈ ನಿರಾಕರಣೆಯ ಹಿಂದೆ ಲಿಖಿತ ಸಿದ್ಧಾಂತವೇ ಇತ್ತು. ಭೂಸೇನೆಯ ಯುದ್ಧ ಕಾಲೇಜು 1925ರಲ್ಲಿ ಸಿದ್ಧಪಡಿಸಿದ ವರದಿಯೊಂದು ಕಪ್ಪು ಜನರು ಬುದ್ಧಿಯಲ್ಲೂ ಧೈರ್ಯದಲ್ಲೂ ಬಿಳಿಯರಿಗಿಂತ ಕೆಳಮಟ್ಟದವರೆಂದು ತೀರ್ಮಾನಿಸಿತ್ತು. ಪೂರ್ವಗ್ರಹವು ಇಲ್ಲಿ ಕಡತದ ರೂಪ ತಾಳಿದೆ ಎಂಬುದು ಗಮನಾರ್ಹ. ದಾಖಲೆಯೆಂದ ಮಾತ್ರಕ್ಕೆ ಅದು ಸತ್ಯವಾಗಬೇಕಿಲ್ಲ ಎಂಬ ಎಚ್ಚರ ಈ ಚರಿತ್ರೆಯ ಆರಂಭದಲ್ಲಿಯೇ ಅಗತ್ಯ.

ಟಸ್ಕೀಗಿಯಿಂದ ರಣರಂಗಕ್ಕೆ

ಕಪ್ಪು ಪತ್ರಿಕೆಗಳ ಹಾಗೂ ಹಕ್ಕುಗಳ ಹೋರಾಟಗಾರರ ಒತ್ತಡ ಹೆಚ್ಚಿದ ಮೇಲೆ, 1941ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕಪ್ಪು ಯುವಕರಿಗೆ ಪ್ರತ್ಯೇಕವಾದ ವಿಮಾನ ತರಬೇತಿ ಆರಂಭವಾಯಿತು. ಮೊದಲ ತಂಡದಲ್ಲಿ ಸೇರಿದವರು ಹದಿಮೂರು ಮಂದಿ. 1942ರ ಮಾರ್ಚ್ 7ರಂದು ಪೈಲಟ್‌ಗಳಾಗಿ ಹೊರಬಂದವರು ಐವರು. ಆ ಐವರಲ್ಲಿ ಡೇವಿಸ್ ಒಬ್ಬರು. 1946ರ ವೇಳೆಗೆ ಟಸ್ಕೀಗಿಯಲ್ಲಿ 992 ಪೈಲಟ್‌ಗಳು ತರಬೇತಿ ಪಡೆದರು. ಅಧಿಕಾರಿ ವರ್ಗದ ದೃಷ್ಟಿಯಲ್ಲಿ ಇದೊಂದು ‘ಪ್ರಯೋಗ’ವಾಗಿತ್ತು. ಪ್ರಯೋಗ ಸೋತರೆ ಸೋಲುವುದು ಒಬ್ಬ ಪೈಲಟ್ ಅಲ್ಲ, ಇಡೀ ಜನಾಂಗ ಎಂಬ ಹೊರೆ ಪ್ರತಿಯೊಬ್ಬನ ಹೆಗಲ ಮೇಲಿತ್ತು.

ಡೇವಿಸ್ ನೇತೃತ್ವದ 99ನೆಯ ಸ್ಕ್ವಾಡ್ರನ್ 1943ರ ವಸಂತದಲ್ಲಿ ಉತ್ತರ ಆಫ್ರಿಕಕ್ಕೆ ತೆರಳಿತು. ಅದೇ ವರ್ಷದ ಜುಲೈ 2ರಂದು ಚಾರ್ಲ್ಸ್ ಹಾಲ್ ಅವರು ಸಿಸಿಲಿಯ ಮೇಲೆ ಜರ್ಮನ್ ವಿಮಾನವೊಂದನ್ನು ಉರುಳಿಸಿ ಸ್ಕ್ವಾಡ್ರನ್ನಿಗೆ ಮೊದಲ ಜಯ ತಂದರು. ಆದರೆ ಈ ಸ್ಕ್ವಾಡ್ರನ್ನನ್ನು ಜೊತೆಗೆ ಸೇರಿಸಿಕೊಂಡಿದ್ದ 33ನೆಯ ಗುಂಪಿನ ಮುಖ್ಯಸ್ಥ ವಿಲಿಯಂ ಮೊಮೈಯರ್, ಕಪ್ಪು ಪೈಲಟ್‌ಗಳಲ್ಲಿ ಆಕ್ರಮಣಶೀಲತೆಯಿಲ್ಲ ಎಂದು ಪ್ರತಿಕೂಲ ವರದಿ ನೀಡಿದರು. ಈ ವರದಿ ವಾಯುಪಡೆಯ ಮುಖ್ಯಸ್ಥ ಹೆನ್ರಿ ಆರ್ನಾಲ್ಡ್ ಅವರವರೆಗೂ ತಲುಪಿತು. ಕಪ್ಪು ದಳಗಳನ್ನು ರಣರಂಗದಿಂದಲೇ ಹಿಂದೆಗೆಯುವ ಪ್ರಸ್ತಾವ ಸಿದ್ಧವಾಯಿತು.

ಡೇವಿಸ್ ಅವರ ವೃತ್ತಿಜೀವನದ ನಿರ್ಣಾಯಕ ಘಟ್ಟ ಇದು, ಮತ್ತು ಇದು ಆಕಾಶದಲ್ಲಿ ನಡೆದುದಲ್ಲ. 1943ರ ಅಕ್ಟೋಬರ್‌ನಲ್ಲಿ ಅವರು ಜಾನ್ ಮ್ಯಾಕ್‌ಕ್ಲಾಯ್ ಅಧ್ಯಕ್ಷತೆಯ ಸಮಿತಿಯ ಮುಂದೆ ಹಾಜರಾಗಿ ಆರೋಪಗಳಿಗೆ ಉತ್ತರ ನೀಡಿದರು. ಅವರು ಆವೇಶದಿಂದ ಮಾತನಾಡಲಿಲ್ಲ, ವಸ್ತುಸ್ಥಿತಿಯನ್ನು ಮುಂದಿಟ್ಟರು. ಹೊಸ ಸ್ಕ್ವಾಡ್ರನ್ನುಗಳಲ್ಲಿ ಯುದ್ಧಾನುಭವವಿರುವ ಕೆಲವರಾದರೂ ಇರುತ್ತಾರೆ. 99ನೆಯದರಲ್ಲಿ ಅಂಥವರು ಒಬ್ಬರೂ ಇರಲಿಲ್ಲ, ಏಕೆಂದರೆ ಅದಕ್ಕೆ ಮುನ್ನ ಅಮೆರಿಕದ ಸೈನ್ಯದಲ್ಲಿ ಕಪ್ಪು ಪೈಲಟ್‌ಗಳೇ ಇರಲಿಲ್ಲ. ಬದಲಿ ಪೈಲಟ್‌ಗಳ ಕೊರತೆಯಿಂದಾಗಿ ಇದ್ದವರೇ ಹೆಚ್ಚು ಸಲ ಹಾರಬೇಕಾಯಿತು. ತರುವಾಯ ಸೈನ್ಯವು ಮೆಡಿಟರೇನಿಯನ್ ವಲಯದ ಪಿ-40 ಸ್ಕ್ವಾಡ್ರನ್ನುಗಳನ್ನು ತುಲನಾತ್ಮಕವಾಗಿ ಅಧ್ಯಯನ ಮಾಡಿಸಿತು. 99ನೆಯ ಸ್ಕ್ವಾಡ್ರನ್ನಿಗೂ ಉಳಿದವುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂಬುದು 1944ರ ಮಾರ್ಚ್‌ನಲ್ಲಿ ಬಂದ ಆ ಅಧ್ಯಯನದ ಫಲಿತಾಂಶ. ಅಷ್ಟರಲ್ಲಿ, ಜನವರಿ ಅಂತ್ಯದಲ್ಲಿ, ಇಟಲಿಯ ಆಂಜಿಯೊ ತೀರದ ಮೇಲೆ ಅದೇ ಸ್ಕ್ವಾಡ್ರನ್ ಎರಡೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಶತ್ರುವಿಮಾನಗಳನ್ನು ಉರುಳಿಸಿತ್ತು.

ಕೆಂಪು ಬಾಲದ ವಿಮಾನಗಳು

ಈ ವೇಳೆಗೆ ಡೇವಿಸ್ ಮೂರು ಹೊಸ ಸ್ಕ್ವಾಡ್ರನ್ನುಗಳನ್ನೊಳಗೊಂಡ 332ನೆಯ ಫೈಟರ್ ಗ್ರೂಪಿನ ನಾಯಕರಾಗಿದ್ದರು. 1944ರ ಜುಲೈನಲ್ಲಿ 99ನೆಯ ಸ್ಕ್ವಾಡ್ರನ್ ಸಹ ಅದರಲ್ಲಿ ಸೇರಿತು. ಇಟಲಿಯಿಂದ ಜರ್ಮನಿ, ಆಸ್ಟ್ರಿಯ, ರುಮೇನಿಯಗಳತ್ತ ಹಾರುತ್ತಿದ್ದ ಭಾರಿ ಬಾಂಬರ್‌ಗಳಿಗೆ ಬೆಂಗಾವಲು ನೀಡುವುದು ಈ ದಳದ ಕೆಲಸ. ವಿಮಾನಗಳ ಬಾಲಕ್ಕೆ ಕೆಂಪು ಬಣ್ಣ ಬಳಿದಿದ್ದರಿಂದ ‘ಕೆಂಪು ಬಾಲದವರು’ ಎಂಬ ಹೆಸರು ಬಂದಿತು.

ಬೆಂಗಾವಲಿನ ಕೆಲಸದಲ್ಲಿ ಒಂದು ಆಂತರಿಕ ವೈರುಧ್ಯವಿದೆ. ಶತ್ರುವಿಮಾನವನ್ನು ಬೆನ್ನಟ್ಟಿ ಉರುಳಿಸಿದವನಿಗೆ ಕೀರ್ತಿ. ಆದರೆ ಬೆನ್ನಟ್ಟಿ ಹೋದಷ್ಟು ಹೊತ್ತು ಬಾಂಬರ್ ರಕ್ಷಣೆಯಿಲ್ಲದೆ ಉಳಿಯುತ್ತದೆ. ಬಾಂಬರ್‌ಗಳನ್ನು ಬಿಟ್ಟು ವೈಯಕ್ತಿಕ ಕೀರ್ತಿಯ ಬೆನ್ನು ಹತ್ತಬಾರದೆಂಬ ಶಿಸ್ತನ್ನು ಡೇವಿಸ್ ಕಟ್ಟುನಿಟ್ಟಾಗಿ ಜಾರಿಗೊಳಿಸಿದರು. ಐದು ಜಯಗಳನ್ನು ಪಡೆದವರಿಗೆ ಸಲ್ಲುವ ‘ಏಸ್’ ಎಂಬ ಗೌರವ ಟಸ್ಕೀಗಿಯ ಯಾವ ಪೈಲಟ್‌ಗೂ ಅಧಿಕೃತವಾಗಿ ದೊರೆಯಲಿಲ್ಲ. ಇಡೀ ಯುದ್ಧದಲ್ಲಿ ಟಸ್ಕೀಗಿಯ ಪೈಲಟ್‌ಗಳ ಲೆಕ್ಕಕ್ಕೆ ಸೇರಿದ ಜಯಗಳು 112. ಸುಮಾರು ಅರವತ್ತು ಯುದ್ಧಹಾರಾಟಗಳನ್ನು ನಡೆಸಿದ ಡೇವಿಸ್ ಅವರ ಹೆಸರಿನಲ್ಲಿ ಒಂದು ಜಯವೂ ದಾಖಲಾಗಿಲ್ಲ. ಯುದ್ಧವಿಮಾನ ಚಾಲಕನ ಹಿರಿಮೆಯನ್ನು ಉರುಳಿಸಿದ ವಿಮಾನಗಳ ಸಂಖ್ಯೆಯಿಂದಲೇ ಅಳೆಯುವ ಪರಂಪರೆಯಲ್ಲಿ ಇದೊಂದು ಅಪವಾದ.

ಐತಿಹ್ಯದ ಹುಟ್ಟು

ದಳದ ಖ್ಯಾತಿಗೆ ಈ ಶಿಸ್ತೇ ಕಾರಣವಾಯಿತು. ಐತಿಹ್ಯಕ್ಕೂ ಅದೇ ಬೀಜವಾಯಿತು. 1945ರ ಮಾರ್ಚ್ 10ರ ‘ಲಿಬರ್ಟಿ’ ಪತ್ರಿಕೆಯು ನೂರಕ್ಕೂ ಹೆಚ್ಚು ಕಾರ್ಯಾಚರಣೆಗಳಲ್ಲಿ ಈ ದಳ ಒಂದು ಬಾಂಬರ್ ಅನ್ನೂ ಕಳೆದುಕೊಂಡಿಲ್ಲವೆಂದು ಬರೆಯಿತು. ಮಾರ್ಚ್ 24ರಂದು ‘ಷಿಕಾಗೊ ಡಿಫೆಂಡರ್’ ಅದನ್ನು ಇನ್ನೂರನೆಯ ಕಾರ್ಯಾಚರಣೆಗೆ ವಿಸ್ತರಿಸಿತು. ವಿಪರ್ಯಾಸವೆಂದರೆ, ಅದೇ ಮಾರ್ಚ್ 24ರಂದು ದಳವು ತನ್ನ ಅತಿ ದೂರದ ಕಾರ್ಯಾಚರಣೆಯಲ್ಲಿ ಬರ್ಲಿನ್‌ನತ್ತ ಹಾರಿತ್ತು. ಆ ದಿನ ಅದರ ಪೈಲಟ್‌ಗಳು ಮೂರು ಜರ್ಮನ್ ಜೆಟ್ ವಿಮಾನಗಳನ್ನು ಉರುಳಿಸಿದರು. ಅವರ ರಕ್ಷಣೆಯಲ್ಲಿದ್ದ ಮೂರು ಬಾಂಬರ್‌ಗಳು ಶತ್ರುವಿಮಾನಗಳಿಗೆ ಬಲಿಯಾದವು. ಮೊದಲನೆಯ ಸಂಗತಿ ಪುಸ್ತಕಗಳಿಗೆ, ಭಾಷಣಗಳಿಗೆ, ಸ್ಮಾರಕಗಳಿಗೆ ಸೇರಿತು. ಎರಡನೆಯದು ಕಡತದಲ್ಲಿಯೇ ಉಳಿಯಿತು.

ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಸೇನಾ ಚರಿತ್ರೆ ಸಂಶೋಧನ ಸಂಸ್ಥೆಯ ಡೇನಿಯಲ್ ಹಾಲ್‌ಮನ್ ಮತ್ತು ಟಸ್ಕೀಗಿ ಪೈಲಟ್‌ಗಳ ಸಂಘದ ಚರಿತ್ರಕಾರ ವಿಲಿಯಂ ಹೋಲ್ಟನ್ 2006ರಲ್ಲಿ ಈ ಕಡತಗಳ ಸಾಕ್ಷ್ಯವನ್ನು ಬೆಳಕಿಗೆ ತಂದರು. ಹಾಲ್‌ಮನ್ ಬಾಂಬರ್ ದಳಗಳ ದಿನದಿನದ ವರದಿಗಳನ್ನು, ಬೆಂಗಾವಲಿನ ಆದೇಶಗಳನ್ನು, ಕಾಣೆಯಾದ ವಿಮಾನ ಸಿಬ್ಬಂದಿಯ ವರದಿಗಳನ್ನು ಒಂದಕ್ಕೊಂದು ತಾಳೆ ನೋಡಿದರು. 332ನೆಯ ಗ್ರೂಪ್ ನಡೆಸಿದ 179 ಬಾಂಬರ್ ಬೆಂಗಾವಲು ಕಾರ್ಯಾಚರಣೆಗಳ ಪೈಕಿ ಏಳರಲ್ಲಿ ಒಟ್ಟು 27 ಬಾಂಬರ್‌ಗಳು ಶತ್ರುವಿಮಾನಗಳಿಗೆ ಬಲಿಯಾದುದನ್ನು ಅವರ ಅಧ್ಯಯನ ತೋರಿಸಿತು. ಅವುಗಳಲ್ಲಿ ಹದಿನೈದು 1944ರ ಜುಲೈ 18ರ ಒಂದೇ ದಿನದ ನಷ್ಟ. ಜೂನ್ 9ರ ಮ್ಯೂನಿಕ್ ಕಾರ್ಯಾಚರಣೆಯನ್ನು ಮುನ್ನಡೆಸಿದ್ದಕ್ಕಾಗಿ ಡೇವಿಸ್ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ದೊರೆಯಿತು. ಆ ದಿನವೂ ಎರಡು ಬಾಂಬರ್‌ಗಳು ನಷ್ಟವಾಗಿದ್ದವು. ಪದಕದ ಜೊತೆಗಿನ ಪ್ರಶಂಸಾ ಪತ್ರವೇ ನಷ್ಟ ಕೆಲವು ಮಾತ್ರ ಎಂದು ಒಪ್ಪಿಕೊಂಡಿತ್ತು. ಸತ್ಯ ಆರಂಭದಿಂದಲೂ ಲಿಖಿತವಾಗಿಯೇ ಇತ್ತು. ಅದನ್ನು ಓದುವವರು ಬೇಕಾಗಿದ್ದರು.

ಇದೇ ಅಧ್ಯಯನದ ಇನ್ನೊಂದು ಅಂಕಿಯಿಲ್ಲದೆ ಈ ಚಿತ್ರ ಪೂರ್ಣವಾಗುವುದಿಲ್ಲ. ಅದೇ ಅವಧಿಯಲ್ಲಿ ಅದೇ ಹದಿನೈದನೆಯ ವಾಯುಸೇನೆಯ ಇತರ ಪಿ-51 ಗ್ರೂಪುಗಳು ಕಳೆದುಕೊಂಡ ಬಾಂಬರ್‌ಗಳ ಸರಾಸರಿ 46. ಪ್ರತಿಯೊಂದು ಬಾಂಬರ್‌ನಲ್ಲಿ ಸುಮಾರು ಹತ್ತು ಮಂದಿ ಇರುತ್ತಿದ್ದರು ಎಂಬುದನ್ನು ನೆನೆದರೆ 27 ಮತ್ತು 46ರ ನಡುವಿನ ಅಂತರದ ಬೆಲೆ ತಿಳಿಯುತ್ತದೆ.

ಸಂಶೋಧನೆಯ ಫಲಿತಾಂಶ ಹಲವರಿಗೆ ನೋವುಂಟುಮಾಡಿತು. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಐತಿಹ್ಯ ಯಾವ ಅಗತ್ಯವನ್ನು ಪೂರೈಸಿತು ಎಂದು ಕೇಳಬೇಕು. ‘ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡಿದರು’ ಎಂಬ ಮಾತು ಬಿಳಿಯ ದಳಕ್ಕೆ ಸಾಕಾಗುತ್ತಿತ್ತು. ಬುದ್ಧಿ ಮತ್ತು ಧೈರ್ಯ ಎರಡೂ ಇಲ್ಲವೆಂದು 1925ರ ವರದಿ ಯಾರ ಬಗ್ಗೆ ಬರೆದಿತ್ತೋ ಅವರಿಗೆ ಅದು ಸಾಲದು. ಪರೀಕ್ಷೆಯೇ ಅನ್ಯಾಯದ್ದಾಗಿದ್ದಾಗ ಉತ್ತರ ದೋಷರಹಿತವಾಗಿಯೇ ಇರಬೇಕಾಗುತ್ತದೆ. ‘ಒಂದೂ ಕಳೆದುಕೊಳ್ಳಲಿಲ್ಲ’ ಎಂಬ ಪೂರ್ಣತೆಯ ಕಲ್ಪನೆ ಹುಟ್ಟಿದ್ದು ಹುಸಿ ಹೆಮ್ಮೆಯಿಂದಲ್ಲ, ಅಂಥ ಪರೀಕ್ಷೆಯ ಒತ್ತಡದಿಂದ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಐತಿಹ್ಯ ಆಕಾಶದಲ್ಲಿ ನಡೆದುದರ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ನೆಲದ ಮೇಲಿದ್ದ ಅವಮಾನದ ಸಾಕ್ಷ್ಯವಾಗಿ ನಿಲ್ಲುತ್ತದೆ.

ನಕ್ಷತ್ರಗಳ ದಾರಿ

ಯುದ್ಧಾನಂತರವೂ ಡೇವಿಸ್ ಅವರ ಮಾರ್ಗ ಬದಲಾಗಲಿಲ್ಲ. 1945ರ ಏಪ್ರಿಲ್‌ನಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್ ನೆಲೆಯಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಕ್ಲಬ್ಬಿನ ಕಾರಣದಿಂದ ಪ್ರತಿಭಟನೆ ನಡೆದು 101 ಕಪ್ಪು ಅಧಿಕಾರಿಗಳು ಬಂಧನಕ್ಕೊಳಗಾದರು. ಅಶಾಂತಿಯ ಆ ದಳದ ಹೊಣೆಯನ್ನು ಜೂನ್‌ನಲ್ಲಿ ಡೇವಿಸ್ ಅವರಿಗೆ ವಹಿಸಲಾಯಿತು. ಅಧ್ಯಕ್ಷ ಟ್ರೂಮನ್ 1948ರ ಜುಲೈ 26ರಂದು ಸಶಸ್ತ್ರ ಪಡೆಗಳಲ್ಲಿ ಸಮಾನತೆಯ ಆದೇಶ ಹೊರಡಿಸಿದರು. ಮರುವರ್ಷ 332ನೆಯ ಗ್ರೂಪ್ ವಿಸರ್ಜನೆಗೊಂಡು ಅದರ ಸಿಬ್ಬಂದಿ ವಾಯುಸೇನೆಯ ಇತರ ಘಟಕಗಳಲ್ಲಿ ಸೇರಿಹೋದರು. ಪ್ರತ್ಯೇಕ ದಳದ ಅತ್ಯುತ್ತಮ ಸಾಧನೆ ಪ್ರತ್ಯೇಕತೆಯ ಅಗತ್ಯವನ್ನೇ ಇಲ್ಲವಾಗಿಸಿದ್ದು ಎನ್ನಬಹುದು.

1953ರಲ್ಲಿ ಕೊರಿಯಾದಲ್ಲಿ ಅವರು 51ನೆಯ ಫೈಟರ್ ಇಂಟರ್‌ಸೆಪ್ಟರ್ ವಿಂಗ್‌ನ ಮುಖ್ಯಸ್ಥರಾದರು. ಕಪ್ಪು, ಬಿಳಿಯ ಭೇದವಿಲ್ಲದೆ ಎಲ್ಲರೂ ಅವರ ಆಜ್ಞೆಯಲ್ಲಿದ್ದ ಯುದ್ಧವಿಮಾನ ಪಡೆ ಅದು. 1954ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ವಾಯುಸೇನೆಯ ಮೊದಲ ಕಪ್ಪು ಜನರಲ್ ಎನಿಸಿದರು. 1959ರಲ್ಲಿ ಮೇಜರ್ ಜನರಲ್, 1965ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗಳು ಬಂದವು. 1967ರಲ್ಲಿ ಫಿಲಿಪೈನ್ಸ್‌ನ ಕ್ಲಾರ್ಕ್ ನೆಲೆಯಲ್ಲಿ ಹದಿಮೂರನೆಯ ವಾಯುಸೇನೆಯ ದಂಡನಾಯಕರಾಗಿದ್ದು, 1970ರಲ್ಲಿ ನಿವೃತ್ತರಾದರು. ನಾಲ್ಕನೆಯ ನಕ್ಷತ್ರ ಸೇವೆಯಲ್ಲಿದ್ದಾಗ ದೊರೆಯಲಿಲ್ಲ. ಆ ಗೌರವ ಮೊದಲು ಸಂದದ್ದು 1975ರಲ್ಲಿ, ಟಸ್ಕೀಗಿಯಲ್ಲೇ ತರಬೇತಾದ ಡೇನಿಯಲ್ ‘ಚಾಪಿ’ ಜೇಮ್ಸ್ ಅವರಿಗೆ. ಡೇವಿಸ್ ಅವರಿಗೆ 1998ರ ಡಿಸೆಂಬರ್ 9ರಂದು, ನಿವೃತ್ತಿಯ 28 ವರ್ಷಗಳ ಬಳಿಕ, ಅಧ್ಯಕ್ಷ ಕ್ಲಿಂಟನ್ ಅದನ್ನು ಪ್ರದಾನ ಮಾಡಿದರು. 2002ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಅವರು ನಿಧನರಾದರು. ನಾಲ್ಕು ವರ್ಷ ಅವರೊಡನೆ ಮಾತು ಬಿಟ್ಟಿದ್ದ ವೆಸ್ಟ್ ಪಾಯಿಂಟ್‌ನಲ್ಲಿ 2017ರಲ್ಲಿ ವಿದ್ಯಾರ್ಥಿಗಳ ಹೊಸ ವಸತಿಗೃಹಕ್ಕೆ ಅವರ ಹೆಸರಿಡಲಾಯಿತು.

ಸಮಾರೋಪ

ಡೇವಿಸ್ ಪೂರ್ವಗ್ರಹವನ್ನು ಎದುರಿಸಿದ್ದು ದಾಖಲೆಯಿಂದ. ವೆಸ್ಟ್ ಪಾಯಿಂಟ್‌ನ 35ನೆಯ ಸ್ಥಾನ, ಮ್ಯಾಕ್‌ಕ್ಲಾಯ್ ಸಮಿತಿಯ ಮುಂದಿನ ಉತ್ತರ, ಪಿ-40 ಸ್ಕ್ವಾಡ್ರನ್ನುಗಳ ತುಲನೆ ಇವೆಲ್ಲ ಸುಳ್ಳು ಕಡತಕ್ಕೆ ನಿಜವಾದ ಕಡತ ಕೊಟ್ಟ ಉತ್ತರಗಳು. ಅಂಥವರ ಕೀರ್ತಿಯನ್ನು ದಾಖಲೆಗೆ ವಿರುದ್ಧವಾದ ಮಾತಿನ ಮೇಲೆ ನಿಲ್ಲಿಸುವುದು ಅವರ ಬದುಕಿನ ರೀತಿಗೆ ಒಪ್ಪುವಂಥದಲ್ಲ. ಒಂದೂ ಬಾಂಬರ್ ಕಳೆದುಕೊಳ್ಳದ ದಳವೆಂಬುದು ಪವಾಡದ ಕಥೆ; ಪವಾಡದಲ್ಲಿ ಮನುಷ್ಯಪ್ರಯತ್ನಕ್ಕೆ ಹೆಚ್ಚಿನ ಸ್ಥಾನವಿಲ್ಲ. ಉಳಿದವರು ಸರಾಸರಿ 46 ಕಳೆದುಕೊಂಡ ಕಡೆ 27ಕ್ಕೆ ನಷ್ಟವನ್ನು ತಡೆದ ದಳದ ಚರಿತ್ರೆ ಶಿಸ್ತಿನದು, ಸಂಯಮದ್ದು, ನಾಯಕತ್ವದ್ದು. ಐತಿಹ್ಯವನ್ನು ಅದು ಹುಟ್ಟಿದ ನೋವಿನೊಂದಿಗೆ ಕಾಪಿಡುವುದು ಜಾನಪದದ ಕೆಲಸ. ಆ 27 ವಿಮಾನಗಳಲ್ಲಿದ್ದವರನ್ನು ಲೆಕ್ಕದಿಂದ ಅಳಿಸದಿರುವುದು ಚರಿತ್ರೆಯ ಕೆಲಸ. ಇವೆರಡೂ ಜೊತೆಯಲ್ಲಿ ನಡೆದಾಗ ಡೇವಿಸ್ ಅವರ ಸ್ಥಾನ ಕೆಳಗಿಳಿಯುವುದಿಲ್ಲ.