‘ಬಹುಶಃ ಹೋಗಿರಬೇಕು’: ಆದವಾನಿ ಸೀಮೆಯ ಮಾತು ಮತ್ತು ಅವ್ಯಯ–ಕ್ರಿಯೆಗಳ ಹೊಂದಾಣಿಕೆ

ಬೇಕು, ಬಹುದು, ಬಾರದು, ಕೂಡದು ಎಂಬ ರೂಪಗಳು ಕನ್ನಡ ವಾಕ್ಯದ ತುದಿಯಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡು ಬರುತ್ತವೆ. ಖಂಡಿತ, ತಪ್ಪದೆ, ಬಹುಶಃ, ಧಾರಾಳವಾಗಿ ಎಂಬ ಅವ್ಯಯಗಳು ಅದಕ್ಕೂ ಮೊದಲೇ ಬಂದಿರುತ್ತವೆ. ದೂರದೂರ ಕೂತ ಈ ಎರಡರ ನಡುವೆ ಗಟ್ಟಿಯಾದ ಹೊಂದಾಣಿಕೆಯಿದೆ. ನಮ್ಮ ವ್ಯಾಕರಣ ಪರಂಪರೆ ಅದನ್ನು ಒಂದೆಡೆ ಇಟ್ಟು ನೋಡಲಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕ್ರಿಯಾರೂಪಗಳನ್ನು ಆಖ್ಯಾತ ಪ್ರಕರಣದಲ್ಲಿ ವಿವರಿಸಿ, ಅವ್ಯಯಕ್ಕೆ ಕೊನೆಯ ಪ್ರಕರಣವನ್ನು ಮೀಸಲಿಟ್ಟ. ಶಾಲಾ ವ್ಯಾಕರಣಗಳು ಇಂದಿಗೂ ಆ ಗಡಿಯನ್ನೇ ಪಾಲಿಸುತ್ತವೆ. ಇಂಗ್ಲಿಷಿನಲ್ಲಿ ಈ ಚರ್ಚೆ ಬೆಳೆದದ್ದೂ ತಡವಾಗಿಯೇ: ಭಾಷಾಶಾಸ್ತ್ರಜ್ಞರಾದ ಹ್ಯಾಲಿಡೇ 1970ರಲ್ಲಿ, 1977ರಲ್ಲಿ ಜಾನ್ ಲಯನ್ಸ್ ಅದರ ತಳಹದಿ ಹಾಕಿದರು, 1997ರಲ್ಲಿ ಲಿಯೋ ಹೋಯ್ ಇದಕ್ಕೆಂದೇ ಇಡೀ ಪುಸ್ತಕ ಬರೆದರು. ಹೀಗಾಗಿ ಈ ಹೊಂದಾಣಿಕೆ ಇಂಗ್ಲಿಷಿನ ಸೊತ್ತು, ಕನ್ನಡಕ್ಕೆ ಅನುವಾದದ ಮೂಲಕ ಬಂದದ್ದು ಎಂಬ ಭಾವನೆ ಹುಟ್ಟಲು ಅವಕಾಶವಾಗಿದೆ. ಅದು ತಪ್ಪೆಂಬುದೇ ಇಲ್ಲಿನ ವಾದ.

ಇದನ್ನು ಪರೀಕ್ಷಿಸಲು ಆದವಾನಿ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಸೂದ್ ಖಾನ್, ಆಮೇಲೆ ನಿಜಾಮನ ತಮ್ಮ ಬಸಾಲತ್ ಜಂಗ್ ಆಳಿದ ಈ ಊರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು. 1953ರ ಅಕ್ಟೋಬರ್ 1ರಂದು ಆಲೂರಿನ ಜೊತೆ ಆಂಧ್ರಕ್ಕೆ ಹೋಗಿ ಕರ್ನೂಲು ಜಿಲ್ಲೆಗೆ ಸೇರಿತು. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿಗಳ ಕಡೆ ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ನಡೆಯುವ ಮಾತುಗಳು. ಮದುವೆಗೆ ಕರೆಯುವ ಒಂದು ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದವರು ‘ತಪ್ಪದೆ ಬರಬೇಕು’ ಎಂದರೆ ತೆಲುಗಿನವರು ‘ತಪ್ಪಕುಂಡಾ ರಾವಾಲಿ’ ಎನ್ನುತ್ತಾರೆ. ‘ಜರೂರ್ ಬರಬೇಕು’ ಎಂದರೆ ಅವ್ಯಯ ಮಾತ್ರ ಉರ್ದುವಿನದು, ತುದಿ ಕನ್ನಡದ್ದೇ. ಅಂದರೆ ವಾಕ್ಯದ ಮುಂದಿನ ಪದ ಯಾವ ಭಾಷೆಯಿಂದಲಾದರೂ ಬರಲಿ, ಕೊನೆಯ ರೂಪ ಕದಲುವುದಿಲ್ಲ, ಅವೆರಡರ ಹೊಂದಾಣಿಕೆಯೂ ಕೆಡುವುದಿಲ್ಲ. ಕ್ರಿಯೆಯ ತುದಿಯಲ್ಲೂ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ: ಕನ್ನಡದ ‘ಬಹುದು’ ಬರು ಧಾತುವಿನಿಂದ ಹುಟ್ಟಿದ್ದು, ತೆಲುಗಿನ ‘ವಚ್ಚು’ ಕೂಡ ಬರುವ ಅರ್ಥದ ಧಾತುವಿನದೇ. ‘ಕೂಡದು’ ಎರಡರಲ್ಲೂ ಹಾಗೆಯೇ ಇದೆ.

‘ಬಹುಶಃ ಬರಬಹುದು’ ಎನ್ನುವುದು ಪುನರುಕ್ತಿ, ‘ಬರಬಹುದು’ ಎಂದರೆ ಸಾಕು ಎಂಬ ಆಕ್ಷೇಪವಿದೆ. ಬರಹ ತಿದ್ದುವವರು ‘ಬಹುಶಃ’ವನ್ನು ಹೊಡೆದುಹಾಕುವುದೂ ಉಂಟು. ಆದರೆ ‘ಬಹುದು’ ಎಂಬುದಕ್ಕೆ ಅನುಮತಿ, ಸಂಭವ ಎಂಬ ಎರಡು ಅರ್ಥಗಳಿವೆ. ‘ನೀವು ಖಂಡಿತ ಬರಬಹುದು’ ಎಂದಾಗ ಅನುಮತಿಯೊಂದೇ ಉಳಿಯುತ್ತದೆ. ‘ನೀವು ಬಹುಶಃ ಬರಬಹುದು’ ಎಂದಾಗ ಅನುಮತಿಯ ಸುಳಿವೇ ಇಲ್ಲ. ಅರ್ಥವನ್ನು ಇತ್ಯರ್ಥ ಮಾಡಿದ್ದು ಅವ್ಯಯ. ಹಾಗಿರುವಾಗ ಅದನ್ನು ಹೆಚ್ಚುವರಿ ಎನ್ನಲಾಗದು. ‘ಬಂದಾನು’ ಎಂಬ ಸಂಭಾವನಾರ್ಥಕ ರೂಪದ ಮಾತು ಬೇರೆ: ಅಲ್ಲಿ ಅರ್ಥ ಒಂದೇ ಆದ್ದರಿಂದ ‘ಬಹುಶಃ’ ಇಲ್ಲದೆಯೂ ಸರಾಗವಾಗಿ ನಡೆಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದರು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ಆದವಾನಿ ಇದ್ದದ್ದು ಅದೇ ಜಿಲ್ಲೆಯಲ್ಲಿ. ಹಾಗಾದರೆ ಈ ವಾಕ್ಯಗಳು ಆ ಅನುವಾದಗಳ ಫಲವಿರಬಹುದಲ್ಲವೇ? ದಾನಶಾಸನಗಳ ಕೊನೆಯಲ್ಲಿ ಧರ್ಮವನ್ನು ‘ತಪ್ಪದೆ’ ಪಾಲಿಸಿದವರಿಗೆ ಫಲ ಹೇಳುವ ರೂಢಿ, ವಚನಗಳಲ್ಲಿ ಬೇಕು–ಬೇಡ–ಬಾರದುಗಳ ಧಾರಾಳ ಬಳಕೆ, ಇವೆರಡೂ ಮಿಷನ್ನಿಗಿಂತ ಶತಮಾನಗಳಷ್ಟು ಹಿಂದಿನವು. ಆದರೆ ಇವು ಬಿಡಿಬಿಡಿಯಾಗಿ ಹಳೆಯವು ಎಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ನಿರ್ಣಾಯಕ ಸಾಕ್ಷ್ಯ ಇಂದಿನ ಆಡುಮಾತಿನಲ್ಲೇ ಇದೆ. ಬಾಗಿಲಿಗೆ ಬೀಗ ಕಂಡವರು ‘ಬಹುಶಃ ಹೊಲಕ್ಕೆ ಹೋಗಿರಬೇಕು’ ಎನ್ನುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ‘ಪರ್‌ಹ್ಯಾಪ್ಸ್ ಹಿ ಮಸ್ಟ್ ಹ್ಯಾವ್ ಗಾನ್’ ಎಂದರೆ ಆ ಭಾಷೆಯವರ ಕಿವಿಗೆ ಒಡಕು: ‘ಮಸ್ಟ್’ ಗಟ್ಟಿ ತೀರ್ಮಾನ, ‘ಪರ್‌ಹ್ಯಾಪ್ಸ್’ ಅನುಮಾನ. ಕನ್ನಡದಲ್ಲಿ ಒಡಕಿಲ್ಲ, ಏಕೆಂದರೆ ‘ಇರಬೇಕು’ ಎಂಬುದು ಊಹೆಯನ್ನೂ ಹೊರಬಲ್ಲದು. ‘ಬಹುಶಃ ಹೋಗಬೇಕು’ ಎಂದಾಗ ಮಾತ್ರ, ಅಲ್ಲಿ ‘ಬೇಕು’ ಊಹೆಯನ್ನಲ್ಲ, ಕರ್ತವ್ಯವನ್ನು ಹೇಳುವುದರಿಂದ, ಮಾತು ತಡವರಿಸುತ್ತದೆ. ನಮ್ಮ ಹೊಂದಾಣಿಕೆ ಇಂಗ್ಲಿಷಿನ ನಕಲಾಗಿದ್ದರೆ ಇಂಗ್ಲಿಷ್ ಒಪ್ಪದ ಜೋಡಿಯೊಂದು ಇಷ್ಟು ಸಲೀಸಾಗಿ ಬಳಕೆಯಲ್ಲಿ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಪಾಠದ ಕ್ರಮವೂ ಬದಲಾಗಬೇಕು. ಆದವಾನಿ, ಆಲೂರು ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ‘ಪರ್‌ಹ್ಯಾಪ್ಸ್’ ಜೊತೆ ‘ಮಸ್ಟ್’ ಬರೆದರೆ ಅದಕ್ಕೆ ಕಾರಣ ಅವರ ತಾಯ್ನುಡಿಯ ಸರಿಯಾದ ನಿಯಮ. ಬರೀ ಕೆಂಪು ಗೆರೆ ಎಳೆಯದೆ, ಎರಡು ವಾಕ್ಯಗಳನ್ನೂ ಪಕ್ಕಪಕ್ಕ ಬರೆದು ವ್ಯತ್ಯಾಸ ತೋರಿಸುವಂತೆ ಅಲ್ಲಿನ ಅಧ್ಯಾಪಕರಲ್ಲಿ ವಿನಂತಿ.