ರಸೀದಿಯ ಒಂದು ಸಾಲು

ಅಮ್ಮ ತೀರಿಕೊಂಡ ಮೇಲೆ ಅವಳ ಕಬ್ಬಿಣದ ಪೆಟ್ಟಿಗೆ ತೆಗೆದಾಗ ಸೀರೆಗಳ ಅಡಿಯಲ್ಲಿ ಮನೆ ಕಂದಾಯದ ರಸೀದಿಗಳ ಕಟ್ಟೊಂದು ಸಿಕ್ಕಿತು. ವರ್ಷವಾರು ಜೋಡಿಸಿ, ಹಳೇ ಸೀರೆಯ ಅಂಚಿನಿಂದ ಬಿಗಿದಿಟ್ಟಿದ್ದಳು. ಅಪ್ಪ ಹೋದ ಮೇಲೆ ಪ್ರತಿ ವರ್ಷ ತಾನೇ ನಡೆದುಹೋಗಿ ಹಣ ಕಟ್ಟಿ ಬರುತ್ತಿದ್ದವಳು ಅವಳು. ಒಂದೊಂದೇ ತಿರುವಿ ಹಾಕುವಾಗ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ‘ಗ್ರಂಥಾಲಯ ಕರ’.

ಈ ಕರಕ್ಕೊಂದು ಕಥೆಯಿದೆ. ಗಣಿತದ ಮೇಷ್ಟ್ರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕ ಉಳ್ಳವರ ಸೊತ್ತಾಗಬಾರದು, ಊರೂರಿಗೂ ಗ್ರಂಥಾಲಯ ಬೇಕು, ಅದಕ್ಕೆ ಕಾನೂನಿನ ಆಸರೆ ಇರಬೇಕು ಎಂದು ಹಟ ಹಿಡಿದವರು ಅವರು. 1930ರಲ್ಲೇ ಮಾದರಿ ಮಸೂದೆ ಬರೆದರು. 1948ರಲ್ಲಿ ಮದರಾಸಿನಲ್ಲಿ ಕಾಯಿದೆಯಾಯಿತು. ನಮ್ಮ ರಾಜ್ಯಕ್ಕಿನ್ನೂ ಮೈಸೂರೆಂಬ ಹೆಸರಿದ್ದಾಗ, 1965ರಲ್ಲಿ, ಇಲ್ಲಿಯೂ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. 1966ರ ನವೆಂಬರ್ 1ರಿಂದ ಜಾರಿಯಾಯಿತು. ಮನೆ ಕಂದಾಯದ ಜೊತೆಗೇ ಗ್ರಂಥಾಲಯದ ಪಾಲನ್ನೂ ಕಟ್ಟಿಸಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಈಗ ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. 1972ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ರಾಜಾರಾಮ್ ಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮೂಲಕ ಕೇಂದ್ರ ಸರ್ಕಾರವೂ ಪುಸ್ತಕ ಕೊಳ್ಳಲು ನೆರವು ಕೊಡತೊಡಗಿತು. ವಸೂಲಾದ ಕರ ಗ್ರಂಥಾಲಯಕ್ಕೆ ಸಕಾಲಕ್ಕೆ ತಲುಪುವುದಿಲ್ಲವೆಂಬ ದೂರು ಮಾತ್ರ ಹಳೆಯದು.

ಆದರೆ ನನ್ನನ್ನು ಕಾಡಿದ್ದು ಬೇರೆ. ಅಮ್ಮನಿಗೆ ಓದುವ ಹುಚ್ಚು. ಅಂಗಡಿಯಿಂದ ಸಕ್ಕರೆ ಕಟ್ಟಿ ತಂದ ಕಾಗದವನ್ನೂ ಬಿಡಿಸಿ, ಸುಕ್ಕು ನೀವಿ, ಓದಿಯೇ ಒಲೆಗೆ ಹಾಕುತ್ತಿದ್ದಳು. ಅರ್ಧಕ್ಕೆ ಹರಿದುಹೋದ ಕಥೆಗಳ ಕೊನೆಯನ್ನು ತಾನೇ ಕಟ್ಟಿ ನಮಗೆ ಹೇಳುತ್ತಿದ್ದಳು. ಮನೆಯಿಂದ ನಾಲ್ಕೇ ಬೀದಿ ದೂರದಲ್ಲಿ ಗ್ರಂಥಾಲಯವಿತ್ತು. ಒಮ್ಮೆ ಕರೆದಾಗ, “ಅಲ್ಲಿ ಬರೀ ಗಂಡಸರು ಪೇಪರ್ ಹಿಡ್ಕೊಂಡು ಕೂತಿರ್ತಾರೆ ಕಣೇ, ನಾನು ಹೋಗಿ ಏನು ಮಾಡ್ಲಿ?” ಅಂದಳು. ನಾನೂ ಮತ್ತೆ ಒತ್ತಾಯಿಸಲಿಲ್ಲ. ಆ ಬೆಂಚು, ಬೀರು, ಪುಸ್ತಕಗಳಿಗೆಲ್ಲ ಅವಳೂ ವರ್ಷವರ್ಷ ದುಡ್ಡು ಕೊಟ್ಟಿದ್ದಳೆಂದು ಆಗ ನನಗೆ ಗೊತ್ತಿದ್ದರೆ, ಕೈ ಹಿಡಿದೇ ಕರೆದೊಯ್ಯುತ್ತಿದ್ದೆ.

ವೈಕುಂಠ ಸಮಾರಾಧನೆ ಮುಗಿದ ವಾರ ನಾನೇ ಹೋಗಿ ಸದಸ್ಯಳಾದೆ. ಅಮ್ಮ ತುಂಡು ತುಂಡಾಗಿ ಓದಿದ್ದ ತ್ರಿವೇಣಿಯವರ ಕಾದಂಬರಿಯೊಂದನ್ನು ಇಡಿಯಾಗಿ ಮನೆಗೆ ತಂದೆ. ಪೇಪರ್ ಓದುತ್ತಿದ್ದವರು ಒಮ್ಮೆ ತಲೆಯೆತ್ತಿ ನೋಡಿ ಸುಮ್ಮನಾದರು, ಅಷ್ಟೆ.

ನಿಮ್ಮ ಮನೆಯ ರಸೀದಿಯನ್ನೂ ಒಮ್ಮೆ ತೆಗೆದು ನೋಡಿ. ಅದರಲ್ಲೂ ಆ ಸಾಲು ಇರುತ್ತದೆ.