ಶಿವಪುರದ ಧ್ವಜ ಮತ್ತು ನಮ್ಮ ಮನೆಯ ಇತಿಹಾಸ ಪಾಠ

ಮಕ್ಕಳನ್ನು ಮನೆಯಲ್ಲಿಯೇ ಓದಿಸಲು ನಿಶ್ಚಯಿಸಿದ ಹೆತ್ತವರನ್ನು ಮೊದಲು ಕಾಡುವುದು ಗಣಿತ ಮತ್ತು ವಿಜ್ಞಾನದ ಚಿಂತೆ. ಕುರ್‌ಆನ್ ಪಾರಾಯಣಕ್ಕೆ ಗುರುಗಳು ದೊರೆಯುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಬರೆಯಿಸಲು ದಾರಿಯಿದೆ. ಇತಿಹಾಸದ ಬಗ್ಗೆ ಮಾತ್ರ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಅದು ಕಥೆಯಂತಿರುವುದರಿಂದ ಮಕ್ಕಳು ತಾವೇ ಓದಿಕೊಳ್ಳುತ್ತಾರೆಂಬ ಭಾವನೆ ನಮ್ಮಲ್ಲಿದೆ. ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ಮನೆಯ ಪಾಠಗಳಲ್ಲಿ ಅತ್ಯಂತ ಎಚ್ಚರದಿಂದ ಕಲಿಸಬೇಕಾದ ವಿಷಯ ಇತಿಹಾಸವೇ ಎಂಬುದು ಮಂಡ್ಯ ಜಿಲ್ಲೆಯ ಒಂದು ಪುಟ್ಟ ಊರಿನ ಪಾಠಕ್ಕೆ ಬಂದಾಗ ನಮಗೆ ಅರಿವಾಯಿತು. ಆ ಊರು ಮದ್ದೂರಿನ ಶಿವಪುರ.

ನಮ್ಮ ಅನೇಕ ಮನೆಗಳಲ್ಲಿ ಕರ್ನಾಟಕದ ಇತಿಹಾಸವು ಹೈದರ್ ಅಲಿಯಿಂದ ಆರಂಭವಾಗಿ ಟಿಪ್ಪು ಸುಲ್ತಾನರ ಹುತಾತ್ಮತೆಯೊಂದಿಗೆ ಮುಗಿದುಹೋಗುತ್ತದೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸ್‌ನ ಸೇನೆಯೊಡನೆ ನಡೆದ ಕಾಳಗ, ಮೇ 4ರಂದು ಶ್ರೀರಂಗಪಟ್ಟಣದ ಪತನ, ಆಮೇಲೆ ಗುಂಬಜ್‌ನ ಸಂದರ್ಶನ. ಇದು ತಿಳಿದಿರಲೇಬೇಕಾದ ಇತಿಹಾಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1799ರಿಂದ 1947ರವರೆಗಿನ ಸುಮಾರು ನೂರೈವತ್ತು ವರ್ಷಗಳು ನಮ್ಮ ಮಕ್ಕಳ ಮನಸ್ಸಿನಲ್ಲಿ ಬರಿದಾಗಿ ಉಳಿದುಬಿಡುತ್ತವೆ. ಈ ದೇಶ ಹೇಗೆ ರೂಪುಗೊಂಡಿತು, ಮತ ಚಲಾಯಿಸುವ ಹಕ್ಕು ಜನರಿಗೆ ಹೇಗೆ ದಕ್ಕಿತು ಎಂಬ ಕಥೆಯೆಲ್ಲವೂ ಇರುವುದು ಆ ಬರಿದಾದ ಪುಟಗಳಲ್ಲಿಯೇ. ಆ ಪುಟಗಳನ್ನು ನಾವು ತುಂಬದಿದ್ದರೆ ಬೇರೆ ಯಾರೋ ತುಂಬುತ್ತಾರೆ. ಅಲ್ಲಿ ನಮ್ಮ ಮಕ್ಕಳು ತಮ್ಮನ್ನು ಪರಕೀಯರಂತೆ ಕಂಡುಕೊಳ್ಳುವ ಅಪಾಯವಿದೆ.

ಆದ್ದರಿಂದ ಹತ್ತಿರದ ನೆಲದಿಂದಲೇ ಆರಂಭಿಸಬೇಕೆಂದು ನಾವು ಶಿವಪುರವನ್ನು ಆರಿಸಿಕೊಂಡೆವು. ಮೊದಲ ದಿನ ಮಕ್ಕಳ ಮುಂದೆ ಭೂಪಟವನ್ನು ಹರಡಿ, 1938ರಲ್ಲಿ ಈ ಊರು ಯಾವ ಜಿಲ್ಲೆಯಲ್ಲಿತ್ತು ಎಂದು ಕೇಳಿದೆವು. ಮಂಡ್ಯವೆಂದೇ ಉತ್ತರ ಬಂತು. ಮಂಡ್ಯ ಜಿಲ್ಲೆಯು ರಚನೆಯಾದದ್ದು 1939ರಲ್ಲಿ. ಅದಕ್ಕೆ ಮೊದಲು ಮದ್ದೂರು, ಮಳವಳ್ಳಿಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ನಾವು ಶಾಶ್ವತವೆಂದು ಭಾವಿಸುವ ಗಡಿಗಳಿಗೂ ಒಂದು ಹುಟ್ಟಿದ ದಿನವಿದೆ ಎಂಬುದು ಅಂದಿನ ಮೊದಲ ಪಾಠವಾಯಿತು.

ಅಂದಿನ ಮೈಸೂರು ನೇರವಾಗಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು. ಸಂಸ್ಥಾನಕ್ಕೆ ತನ್ನದೇ ಆದ ಧ್ವಜವಿತ್ತು, ಪ್ರಜಾಪ್ರತಿನಿಧಿ ಸಭೆಯೂ ಇತ್ತು. ಆದರೆ ಸರ್ಕಾರವು ಜನರಿಗೆ ಉತ್ತರದಾಯಿಯಾಗಿರಲಿಲ್ಲ. ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಜನರ ಪ್ರತಿನಿಧಿಗಳು ಅವರನ್ನು ಪ್ರಶ್ನಿಸಬಹುದಿತ್ತೇ ಹೊರತು ಇಳಿಸಲು ಸಾಧ್ಯವಿರಲಿಲ್ಲ. 1938ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಅಧಿವೇಶನವು, ದೇಶೀಯ ಸಂಸ್ಥಾನಗಳ ಜನರು ತಮ್ಮ ಹೋರಾಟವನ್ನು ತಮ್ಮ ಸ್ವಂತ ಬಲದಿಂದಲೇ ಕಟ್ಟಿಕೊಳ್ಳಬೇಕೆಂಬ ನಿಲುವನ್ನು ತಾಳಿತು. ಎರಡು ತಿಂಗಳೊಳಗೆ, ಏಪ್ರಿಲ್ ಎರಡನೆಯ ವಾರದಲ್ಲಿ, ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಶಿವಪುರದಲ್ಲಿ ನೆರೆಯಿತು.

ಅಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರವು ನಿಷೇಧಾಜ್ಞೆ ಹೊರಡಿಸಿತು. ಸಂಸ್ಥಾನಕ್ಕೆ ತನ್ನ ಧ್ವಜವಿರುವಾಗ ಒಂದು ರಾಜಕೀಯ ಪಕ್ಷದ ಧ್ವಜಕ್ಕೆ ಇಲ್ಲಿ ಸ್ಥಾನವಿಲ್ಲವೆಂಬುದು ಸರ್ಕಾರದ ವಾದವಾಗಿತ್ತು. ಅದು ಪಕ್ಷದ ಧ್ವಜವಲ್ಲ, ರಾಷ್ಟ್ರದ ಧ್ವಜವೆಂಬುದು ಜನರ ಉತ್ತರವಾಗಿತ್ತು. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ರೈತರು ಬಂದು ನೆರೆದಿದ್ದರು. ಅಧಿವೇಶನದ ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮುರಿದು ಧ್ವಜವನ್ನು ಹಾರಿಸಿ ಬಂಧನಕ್ಕೊಳಗಾದರು. ಅವರ ಬಳಿಕ ಎಂ.ಎನ್. ಜೋಯಿಸ್ ಮೊದಲಾದವರೂ ಅದೇ ದಾರಿ ಹಿಡಿದರು. ಇದುವೇ ಶಿವಪುರ ಧ್ವಜ ಸತ್ಯಾಗ್ರಹ. ಅದರ ಸ್ಮರಣೆಗಾಗಿ ಕಟ್ಟಿದ ಸತ್ಯಾಗ್ರಹ ಸೌಧವು ಇಂದಿಗೂ ಅಲ್ಲಿ ನಿಂತಿದೆ.

ಇಲ್ಲಿಯವರೆಗೆ ಪಾಠವು ಸುಗಮವಾಗಿ ಸಾಗಿತು. ಅಂದಿನ ಧ್ವಜದ ನಡುವೆ ಚರಕವಿತ್ತು, 1947ರ ಜುಲೈ 22ರಂದು ಸಂವಿಧಾನ ಸಭೆಯು ಅಂಗೀಕರಿಸಿದ ಧ್ವಜದಲ್ಲಿ ಅಶೋಕ ಚಕ್ರ ಬಂತು ಎಂದು ಹೇಳಿ ಮಕ್ಕಳಿಂದ ಎರಡನ್ನೂ ಚಿತ್ರಿಸಿದೆವು. ಆಗ ಒಂದು ಪ್ರಶ್ನೆ ಎದ್ದಿತು: “ಅಬ್ಬಾ, ಧ್ವಜ ಹಾರಿಸಬೇಡಿ ಎಂದ ಸರ್ಕಾರದ ದಿವಾನರು ಯಾರು?”

ದಿವಾನರು ಸರ್ ಮಿರ್ಜಾ ಇಸ್ಮಾಯಿಲ್.

ಪ್ರಿಯ ಓದುಗರೇ, ಆ ಗಳಿಗೆಯಲ್ಲಿ ನಮ್ಮ ಮನಸ್ಸಿನಲ್ಲಿ ಮೂಡಿದ ಹಿಂಜರಿಕೆಯನ್ನು ಮುಚ್ಚಿಡದೆ ಹೇಳಬೇಕು. ಹೆಸರನ್ನು ಹೇಳದೆ, “ಅಂದಿನ ಸರ್ಕಾರ” ಎಂದಷ್ಟೇ ಹೇಳಿ ಮುಂದೆ ಸಾಗಿಬಿಡೋಣವೆನಿಸಿತು. ನಮ್ಮ ಸಮುದಾಯದ ಹೆಸರಿಗೆ ಮೊದಲೇ ಸಾಕಷ್ಟು ಆರೋಪಗಳು ಅಂಟಿರುವಾಗ ನಾವೇ ಇನ್ನೊಂದನ್ನು ಮಕ್ಕಳ ಕೈಗೆ ಕೊಡುವುದೇಕೆ? ಇದಕ್ಕೆ ಪ್ರತಿಯಾಗಿ ಇನ್ನೊಂದು ಆಮಿಷವೂ ಇತ್ತು. ಶಿವಪುರದಲ್ಲಿ ನೆರೆದ ಜನಸಮೂಹದಲ್ಲಿ ಮುಸ್ಲಿಮ್ ಹೆಸರೊಂದನ್ನು ಹುಡುಕಿ, “ನೋಡಿ, ನಮ್ಮವರೂ ಇದ್ದರು” ಎಂದು ಸಮಾಧಾನಪಡಿಸುವ ಆಮಿಷವದು. ಮೊದಲನೆಯದು ಸತ್ಯವನ್ನು ಮರೆಮಾಚುತ್ತದೆ. ಎರಡನೆಯದು ಸಮುದಾಯದ ಮಾನವನ್ನು ಕಾಯುವ ಸಲುವಾಗಿ ಇತಿಹಾಸದಿಂದ ಜಾಮೀನು ಪಡೆಯಲು ಹೊರಡುತ್ತದೆ. ಎರಡೂ ನಮ್ಮ ಧರ್ಮವು ಕಲಿಸಿದ ದಾರಿಗಳಲ್ಲ.

ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದ 135ನೆಯ ವಚನದಲ್ಲಿ ಸತ್ಯವಿಶ್ವಾಸಿಗಳಿಗೆ ಕೊಡುವ ಆದೇಶ ಸ್ಪಷ್ಟವಾಗಿದೆ: ನ್ಯಾಯದ ಪರವಾಗಿ ಸಾಕ್ಷ್ಯ ನುಡಿಯುವಾಗ ಅದು ನಮಗೇ, ನಮ್ಮ ಹೆತ್ತವರಿಗೇ, ನಮ್ಮ ಬಂಧುಗಳಿಗೇ ವಿರುದ್ಧವಾದರೂ ಹಿಂಜರಿಯಕೂಡದು. ಸೂರಃ ಅಲ್‌ಮಾಇದಃದ 8ನೆಯ ವಚನವು ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ: ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ಅನ್ಯಾಯಕ್ಕೆ ದೂಡಕೂಡದು. ಹಾಗೆಯೇ ಸಹೋದರನು ಅಕ್ರಮಿಯಾದಾಗ ಅವನಿಗೆ ಮಾಡುವ ಸಹಾಯವೆಂದರೆ ಅವನ ಕೈಯನ್ನು ತಡೆಯುವುದೇ ಎಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಇತಿಹಾಸದ ಪಾಠವೂ ಒಂದು ಸಾಕ್ಷ್ಯವೇ. ನಾವು ಮಕ್ಕಳ ಮುಂದೆ ಸತ್ತವರ ಬಗ್ಗೆ ಸಾಕ್ಷ್ಯ ನುಡಿಯುತ್ತೇವೆ. ಎದ್ದುನಿಂತು ಉತ್ತರಿಸಲು ಅವರಿಗೆ ಸಾಧ್ಯವಿಲ್ಲ.

ಆದ್ದರಿಂದ ದಿವಾನರ ಹೆಸರನ್ನು ಹೇಳಿದೆವು. ಅವರ ಪೂರ್ಣ ವೃತ್ತಾಂತವನ್ನೂ ಹೇಳಿದೆವು. ಬೆಂಗಳೂರಿನಲ್ಲಿ ನೆಲೆಸಿದ ಪರ್ಷಿಯನ್ ಮೂಲದ ಕುಟುಂಬದಲ್ಲಿ 1883ರಲ್ಲಿ ಜನಿಸಿದ ಮಿರ್ಜಾ ಇಸ್ಮಾಯಿಲ್ ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಂಬಾಡಿ ಅಣೆಕಟ್ಟಿನ ನೀರು ಇರ್ವಿನ್ ನಾಲೆಯ ಮೂಲಕ ಮಂಡ್ಯದ ಒಣಭೂಮಿಗೆ ಹರಿದದ್ದು ಅವರ ಆಡಳಿತದಲ್ಲಿ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದೂ ಆಗಲೇ. ಅಣೆಕಟ್ಟಿನ ಕೆಳಗಿನ ಬೃಂದಾವನ ಉದ್ಯಾನವು ರೂಪುಗೊಂಡದ್ದೂ ಅವರ ಕಾಲದಲ್ಲಿಯೇ. ಇಂದು ಮದ್ದೂರು, ಮಳವಳ್ಳಿಗಳ ಕಬ್ಬು ಮತ್ತು ಭತ್ತದ ಗದ್ದೆಗಳಿಗೆ ನೀರುಣಿಸುವುದು ಅದೇ ನಾಲೆ. ಅದರ ಹೆಸರು ಈಗ ವಿಶ್ವೇಶ್ವರಯ್ಯ ನಾಲೆ. ರೈತನ ಗದ್ದೆಗೆ ನೀರು ತಂದ ಆಡಳಿತವೇ ಆ ರೈತನು ಧ್ವಜ ಹಿಡಿದು ಬಂದಾಗ ಪೊಲೀಸರನ್ನು ಕಳಿಸಿತು. ಎರಡೂ ಸತ್ಯ. ಒಂದು ಇನ್ನೊಂದನ್ನು ಅಳಿಸಿಹಾಕುವುದಿಲ್ಲ.

ಮುಂದಿನ ಪುಟ ಇನ್ನೂ ಕಠಿಣವಾಗಿತ್ತು. ಶಿವಪುರದ ಸುದ್ದಿ ಹಬ್ಬಿದಂತೆ ಸಂಸ್ಥಾನದಾದ್ಯಂತ ಧ್ವಜಾರೋಹಣಗಳು ನಡೆದವು. 1938ರ ಏಪ್ರಿಲ್ 25ರಂದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ. ಎರಡರಲ್ಲಿ ಯಾವುದು ಸರಿಯೆಂದು ಮಕ್ಕಳು ಕೇಳಿದಾಗ ನಾವು ಒಂದನ್ನು ಆರಿಸಿಕೊಡಲಿಲ್ಲ. ಎಣಿಸಿದವರು ಯಾರು, ಅವರು ಎಲ್ಲಿ ನಿಂತು ಎಣಿಸಿದರು, ಸಂಖ್ಯೆ ಕಡಿಮೆಯಾದರೆ ಯಾರಿಗೆ ಅನುಕೂಲ ಎಂದು ವಿಚಾರಿಸುವುದನ್ನು ಕಲಿಸಿದೆವು.

ಈ ಪರಿಶೀಲನೆ ನಮ್ಮ ಪರಂಪರೆಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಒಂದು ವಚನವನ್ನು ಸ್ವೀಕರಿಸುವ ಮೊದಲು ಅದನ್ನು ಹೇಳಿದವರ ಸರಪಣಿಯನ್ನು, ಅಂದರೆ ಇಸ್ನಾದನ್ನು, ಶೋಧಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನು ಖಲ್ದೂನ್ ತಮ್ಮ ಮುಕದ್ದಿಮಃದಲ್ಲಿ ಇತಿಹಾಸಕಾರರು ಎಡವುವುದಕ್ಕೆ ಕಾರಣಗಳನ್ನು ವಿವರಿಸುವಾಗ ಪಕ್ಷಪಾತವನ್ನು ಮತ್ತು ವರದಿಗಾರರ ಮೇಲಿನ ಕುರುಡು ನಂಬಿಕೆಯನ್ನು ಹೆಸರಿಸಿದರು. ಸೈನ್ಯಗಳ ಉಬ್ಬಿಸಿದ ಸಂಖ್ಯೆಗಳನ್ನು ಪ್ರಶ್ನಿಸಿದರು. ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್‌ಹುಜುರಾತ್‌ನ ಆದೇಶವು ಮೊಬೈಲ್ ಫೋನಿನಲ್ಲಿ ಬರುವ ಸಂದೇಶಕ್ಕೆ ಅನ್ವಯಿಸುವಂತೆ ಇತಿಹಾಸದ ಪುಸ್ತಕಕ್ಕೂ ಅನ್ವಯಿಸುತ್ತದೆ. ಅಂದಿನಿಂದ ನಮ್ಮ ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪುಟದ ಮಧ್ಯೆ ಒಂದು ಗೆರೆಯಿದೆ. ಎಡಕ್ಕೆ ಏನು ನಡೆಯಿತೆಂಬ ಬರಹ. ಬಲಕ್ಕೆ ಅದನ್ನು ಹೇಳಿದವರು ಯಾರೆಂಬ ಬರಹ.

ವಿದುರಾಶ್ವತ್ಥದ ನೆತ್ತರು ಸರ್ಕಾರವನ್ನೂ ಅಲುಗಾಡಿಸಿತು. ಮೇ ತಿಂಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಪಟೇಲ್–ಮಿರ್ಜಾ ಒಪ್ಪಂದವೆಂದು ಹೆಸರಾದ ಆ ಸಂಧಾನದಲ್ಲಿ ಸರ್ಕಾರವು ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು. ತ್ರಿವರ್ಣ ಧ್ವಜವನ್ನು ಸಂಸ್ಥಾನದ ಧ್ವಜದ ಜೊತೆಯಲ್ಲಿ ಹಾರಿಸಲು ಒಪ್ಪಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದದ್ದು ಮೇ ತಿಂಗಳಲ್ಲಿ ಹಕ್ಕಾಯಿತು. ಒಪ್ಪಿಕೊಂಡದ್ದು ನಿಷೇಧಿಸಿದ ದಿವಾನರ ಸರ್ಕಾರವೇ. ಆದರೆ ಆ ಒಪ್ಪಿಗೆಗೆ ಮುನ್ನ ಬಡವರು ಪ್ರಾಣ ತೆರಬೇಕಾಯಿತು ಎಂಬುದನ್ನೂ ಮಕ್ಕಳು ಅದೇ ಪುಟದಲ್ಲಿ ಬರೆದುಕೊಂಡರು.

ಒಬ್ಬ ಮುಸ್ಲಿಮ್ ದಿವಾನ ಹಿಂದೂಗಳನ್ನು ಹತ್ತಿಕ್ಕಿದನೆಂಬ ಕಥೆ ಇದಾಗಿರಬಹುದೇ ಎಂಬ ಪ್ರಶ್ನೆಗೂ ಇತಿಹಾಸವೇ ಉತ್ತರಿಸುತ್ತದೆ. ಮಿರ್ಜಾ ಸೇವೆ ಸಲ್ಲಿಸಿದ್ದು ಹಿಂದೂ ಮಹಾರಾಜರಿಗೆ, ಅವರ ಪೂರ್ಣ ವಿಶ್ವಾಸದೊಂದಿಗೆ. ದೇಶವು ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಅದಕ್ಕಾಗಿ 1947ರ ಸೆಪ್ಟೆಂಬರ್‌ನಲ್ಲಿ ಜನರು ‘ಮೈಸೂರು ಚಲೋ’ ಚಳವಳಿಯನ್ನು ಹೂಡಬೇಕಾಯಿತು. ಆಗ ದಿವಾನರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಜನರು ಆಗಲೂ ಸೆರೆಮನೆಗೆ ಹೋದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ರಚನೆಯಾದ ಬಳಿಕವೇ ಹೋರಾಟ ಮುಗಿಯಿತು. ದಿವಾನರ ಧರ್ಮ ಬದಲಾದರೂ ಜನರ ಬೇಡಿಕೆ ಬದಲಾಗಲಿಲ್ಲ. ಏಕೆಂದರೆ ಜಗಳವಿದ್ದದ್ದು ಧರ್ಮಗಳ ನಡುವೆ ಅಲ್ಲ, ಅಧಿಕಾರಕ್ಕೂ ಜನರಿಗೂ ನಡುವೆ. ಹೆಸರನ್ನು ಮುಚ್ಚಿಟ್ಟಿದ್ದರೆ ಈ ಸತ್ಯವೂ ನಮ್ಮ ಮಕ್ಕಳಿಗೆ ದಕ್ಕುತ್ತಿರಲಿಲ್ಲ. ಮುಂದೊಂದು ದಿನ ಬೇರೊಬ್ಬರು ಅದೇ ಹೆಸರನ್ನು ಆಯುಧವಾಗಿ ಬಳಸಿದಾಗ ಅವರು ತಬ್ಬಿಬ್ಬಾಗುತ್ತಿದ್ದರು. ನಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಿದ್ದರು.

ಶಿವಪುರದಲ್ಲಿ ಈ ಅಳತೆಗೋಲು ಕೈಗೆ ಬಂದ ಬಳಿಕ ಟಿಪ್ಪು ಸುಲ್ತಾನರ ಪಾಠವನ್ನೂ ನಾವು ಮತ್ತೊಮ್ಮೆ ಓದಿಸಿದೆವು. 1791ರಲ್ಲಿ ಮರಾಠರ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ನೆರವು ನೀಡಿದ ಸುಲ್ತಾನರು ಅಲ್ಲಿದ್ದಾರೆ. ಮಂಗಳೂರಿನ ಕ್ರೈಸ್ತರನ್ನು, ಕೊಡಗಿನ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಸುಲ್ತಾನರೂ ಅಲ್ಲಿದ್ದಾರೆ. ಮೊದಲನೆಯದನ್ನು ಮಾತ್ರ ನಾವು ಹೇಳಿ, ಎರಡನೆಯದನ್ನು ಮಾತ್ರ ಇತರರು ಹೇಳಿದರೆ ನಮ್ಮ ಮತ್ತು ಅವರ ಮಕ್ಕಳು ಒಂದೇ ನೆಲದಲ್ಲಿ ಬದುಕುತ್ತ ಎರಡು ಬೇರೆ ದೇಶಗಳಲ್ಲಿ ಬೆಳೆಯುತ್ತಾರೆ.

ಕೊನೆಗೆ ಮಕ್ಕಳನ್ನು ಶಿವಪುರಕ್ಕೆ ಕರೆದುಕೊಂಡು ಹೋದೆವು. ಹಿಂದಿರುಗುವಾಗ ನಾಲೆಯ ನೀರು ಹರಿಯುವ ಗದ್ದೆಗಳ ಬಳಿ ನಿಂತು, ಶಿವಪುರದ ಕಥೆಯಲ್ಲಿ “ನಮ್ಮವರು” ಯಾರೆಂದು ಕೇಳಿದೆವು. “ಧ್ವಜ ಹಿಡಿದವರು” ಎಂದು ಹಿರಿಯ ಮಗು ಹೇಳಿತು. “ನೀರು ತಂದವರೂ” ಎಂದಿತು ಕಿರಿಯದು. ನಾವು ಯಾರನ್ನೂ ತಿದ್ದಲಿಲ್ಲ. ತಮ್ಮವರ ತಪ್ಪನ್ನು ತಪ್ಪೆಂದು, ಇತರರ ಒಳಿತನ್ನು ಒಳಿತೆಂದು ಹೇಳಬಲ್ಲ ಮಗುವನ್ನು ಈ ದೇಶದಲ್ಲಿ ಯಾರೂ ಪರಕೀಯಗೊಳಿಸಲಾರರು.

ಸತ್ಯಕ್ಕೆ ಸಾಕ್ಷಿಗಳಾಗಿ ನಿಲ್ಲುವ ಧೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಸಂತತಿಗೂ ಕರುಣಿಸಲಿ. ಆಮೀನ್.